ಬಿಳಿ ಪಿಕಪ್ಪಿನ ಮೊದಲ ಲೋಡು

ಪಿಕಪ್ಪಿಗೆ ಬಿಳಿ ಬಣ್ಣ ಬೇಕೆಂದು ಹೇಳಿದವರು ಯಾರು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಪ್ಪನ ಪ್ರಕಾರ ಅಮ್ಮ. ಅಮ್ಮನ ಪ್ರಕಾರ ಅಪ್ಪ. ನನ್ನ ನೆನಪಿನಲ್ಲಿ ಶೋರೂಮಿನವರು "ಬಿಳಿ ಆದ್ರೆ ಇವತ್ತೇ ಇದೆ ಸಾರ್, ಬೇರೆ ಬಣ್ಣಕ್ಕೆ ಕಾಯ್ಬೇಕು" ಅಂದದ್ದು ಸ್ಪಷ್ಟವಾಗಿದೆ. ಆದರೆ ಆ ದಿನ ನಾನು ಶೋರೂಮಿಗೆ ಬಂದೇ ಇರಲಿಲ್ಲ ಎಂದು ಇಬ್ಬರೂ ಹೇಳುತ್ತಾರೆ. ಇಡೀ ವಿಷಯದಲ್ಲಿ ಅವರಿಬ್ಬರಿಗೆ ಒಮ್ಮತವಿರುವುದು ಅದೊಂದರಲ್ಲೇ. ನಾನು ಇತಿಹಾಸ ಓದಿದವಳು. ಯಾವ ಆಕರವನ್ನೂ ಒಮ್ಮೆಗೇ ನಂಬಬೇಡಿ ಎಂದು ಕಾಲೇಜಿನಲ್ಲಿ ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವಳು. ಮೇಲಾಗಿ ದಿನಚರಿ ಬರೆಯುವ ಅಭ್ಯಾಸವಿದೆ. ಆ ದಿನದ ಪುಟ ತೆಗೆದು ನೋಡಿದರೆ, "ಗಾಡಿ ಬಂತು. ಸಿಹಿ ಹಂಚಿದೆವು. ತಲೆನೋವು" ಎಂದಷ್ಟೇ ಇದೆ. ಹೀಗಾಗಿ ಮುಂದೆ ಬರೆಯುವುದನ್ನು ಸ್ವಲ್ಪ ಉಪ್ಪುಖಾರ ಸೇರಿಸಿದ ಮಾತೆಂದೇ ತಿಳಿದು ಓದುವುದು ಒಳ್ಳೆಯದು. ಸೇರಿಸಿದವಳು ನಾನೋ ನೆನಪೋ ನನಗೂ ತಿಳಿಯದು.

ಗಾಡಿ ಅಮ್ಮನದು. ಇದರಲ್ಲಿ ಸಂಶಯವಿಲ್ಲ. ಅಮ್ಮ ಕೆಂಗೇರಿ ಉಪನಗರದಲ್ಲಿ ಒಂದು ಖಾಲಿ ಸೈಟು ಬಾಡಿಗೆಗೆ ಹಿಡಿದು ನರ್ಸರಿ ನಡೆಸುತ್ತಾಳೆ. ಅದು ಶುರುವಾದದ್ದು ವಿಜಯನಗರದ ನಮ್ಮ ಮನೆಯ ತಾರಸಿಯ ಮೇಲೆ. ಕುಂಡಗಳು ಹೆಚ್ಚಿ ಬಟ್ಟೆ ಒಣಗಿಸಲು ಜಾಗವಿಲ್ಲವಾದಾಗ ಅಪ್ಪ, "ಒಂದೋ ನನ್ನ ಪಂಚೆ, ಇಲ್ಲಾ ನಿನ್ನ ದಾಸವಾಳ" ಎಂದು ಗುಡುಗಿದರು. ಅಮ್ಮ ದಾಸವಾಳದ ಜೊತೆ ಕೆಂಗೇರಿಗೆ ಹೋದಳು. ವರ್ಷಾನುಗಟ್ಟಲೆ ಅವಳ ಗಿಡ, ಮಣ್ಣು, ಗೊಬ್ಬರ ಎಲ್ಲ ಓಡಾಡಿದ್ದು ಒಬ್ಬ ಗೂಡ್ಸ್ ಆಟೋದವನ ಕೃಪೆಯಿಂದ. ಅವನು ಬರುತ್ತೇನೆಂದ ದಿನ ಬರುತ್ತಿರಲಿಲ್ಲ. ಬರುವುದಿಲ್ಲವೆಂದ ದಿನ ಬಂದು ಹಾರ್ನ್ ಹೊಡೆಯುತ್ತಿದ್ದ.

ಆಮೇಲೆ ಬಸವೇಶ್ವರನಗರದ ಆರ್ಡರ್ ಬಂತು. ಹೊಸದಾಗಿ ಕಟ್ಟಿದ ಮೂರಂತಸ್ತಿನ ಮನೆ. ತಾರಸಿಯ ಎರಡು ಬದಿಗೂ ಇಟ್ಟಿಗೆಯ ತೊಟ್ಟಿಗಳನ್ನು ಕಟ್ಟಿಸಿದ್ದರು. ಅವುಗಳಿಗೆ ಮಣ್ಣು, ಗೊಬ್ಬರ ತುಂಬಿ, ಗಿಡ ನೆಟ್ಟು, ಗೃಹಪ್ರವೇಶದ ದಿನ ಅತಿಥಿಗಳು ಊಟಕ್ಕೆ ತಾರಸಿಗೆ ಬರುವ ಹೊತ್ತಿಗೆ ತೋಟ ಸಿದ್ಧವಿರಬೇಕು. ಅಲ್ಲಿಯವರೆಗೆ ಅಮ್ಮನ ಹತ್ತಿರ ಜನ ಕೊಳ್ಳುತ್ತಿದ್ದದ್ದು ಒಂದು ತುಳಸಿ, ಒಂದು ಗುಲಾಬಿ, ಜೊತೆಗೆ ಕೊಸರಿಗೆ ಒಂದು ದೊಡ್ಡಪತ್ರೆ. ಇಡೀ ತೋಟವನ್ನು ಅವಳಿಗೆ ಒಪ್ಪಿಸಿದವರು ಯಾರೂ ಇರಲಿಲ್ಲ. ಮನೆಯೊಡತಿ ಆಂಟಿ, "ನಮ್ಮ ಇಬ್ಬರು ವಾರಗಿತ್ತೀರೂ ಇದೇ ರೋಡಲ್ಲಿದಾರೆ, ನಿಮ್ದು ನೋಡ್ಕೊಂಡು ಅವರೂ ಮಾಡ್ಸೋಣ ಅಂತಿದಾರೆ" ಎಂದಿದ್ದರು. ಆ ಮಾತನ್ನು ನಂಬಿ ಅಮ್ಮ ಪಿಕಪ್ ತೆಗೆದುಕೊಂಡಳು. ಈ ಒಂದು ತೋಟ ಸರಿಯಾಗಿ ನಿಂತರೆ ಅವಳು ನರ್ಸರಿಯವಳು. ಇಲ್ಲದಿದ್ದರೆ ಮತ್ತೆ ಆಟೋದವನಿಗೆ ಕಾಯುವ, ತುಳಸಿ ಮಾರುವ ಆಂಟಿ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆ ವಾರಗಳಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು, ಅದರಿಂದ ನಮಗೆ ಗೊತ್ತಾಯಿತು.

ಅಮ್ಮನಿಗೆ ಡ್ರೈವಿಂಗ್ ಬರುವುದಿಲ್ಲ. ಅಪ್ಪನಿಗೆ ಬರುತ್ತದೆ. "ಡ್ರೈವರ್ ಯಾಕೆ? ನಾನಿಲ್ವಾ?" ಎಂದು ಅಪ್ಪ ಅಂದದ್ದೇ ಎಲ್ಲದಕ್ಕೂ ಮೂಲ. ಸರ್ಕಾರಿ ಕಚೇರಿಯೊಂದರ ಆಡಿಟ್ ವಿಭಾಗದಿಂದ ನಿವೃತ್ತರಾದ ಮೇಲೆ ಆಡಿಟ್ ಮಾಡಲು ಅವರಿಗೆ ಏನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತು.

ಮೊದಲು ಶುಚಿತ್ವದ ವಿಭಾಗ. ಸೀಟುಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯಕೂಡದೆಂದು ಆಜ್ಞೆಯಾಯಿತು. ಕೂತರೆ ಚರಚರ ಸದ್ದು, ಎದ್ದರೆ ಸೀರೆ ಅಂಟಿಕೊಂಡು ಬರುತ್ತಿತ್ತು. ಅದರ ಮೇಲೆ ಒಂದು ಟವೆಲ್, ಕಾಲಿಡುವಲ್ಲಿ ಹಿಂದಿನ ದಿನದ ಪತ್ರಿಕೆ. ನಾನು ಮೊದಲ ಸಲ ಹತ್ತುವಾಗ ಅಪ್ಪ ತಡೆದರು.

"ಚಪ್ಪಲಿ ಬಿಡು."

"ಅಪ್ಪ, ಇದು ಗಾಡಿ."

"ಗಾಡಿ ಅಂತಲೇ ಹೇಳ್ತಿರೋದು. ದೇವಸ್ಥಾನ ಆಗಿದ್ರೆ ಹೊರಗೇ ಬಿಟ್ಟು ಬಾ ಅಂತಿದ್ದೆ. ಇಲ್ಲಿ ಕವರಲ್ಲಿ ಹಾಕ್ಕೊಂಡು ತೊಡೆ ಮೇಲೆ ಇಟ್ಕೋಬಹುದು."

ಗಾಡಿಗೆ ದಿನವೂ ಸ್ನಾನ. ಕುಡಿಯುವ ನೀರಿನಲ್ಲಿ ಗಾಡಿ ತೊಳೆಯುವುದು ತಪ್ಪು ಎಂಬುದನ್ನು ಅಪ್ಪ ಒಪ್ಪುತ್ತಿದ್ದರು. ಆದ್ದರಿಂದ ಅಡುಗೆಮನೆಯ ಫಿಲ್ಟರಿನಿಂದ ವೇಸ್ಟಾಗಿ ಹೋಗುವ ನೀರನ್ನು ಬಕೆಟಿನಲ್ಲಿ ಹಿಡಿಯುತ್ತಿದ್ದರು. ಆ ನೀರು ಅಲ್ಲಿಯವರೆಗೆ ತಾರಸಿಯಲ್ಲಿ ಉಳಿದಿದ್ದ ಅಮ್ಮನ ನಾಲ್ಕು ಗಿಡಗಳಿಗೆ ಹೋಗುತ್ತಿತ್ತು. ಈಗ ಬೆಳಿಗ್ಗೆ ಯಾರು ಮೊದಲು ಏಳುತ್ತಾರೋ ಬಕೆಟ್ ಅವರದು ಎಂದಾಯಿತು. ಪರಿಣಾಮವಾಗಿ ಇಬ್ಬರೂ ಬೇಗ ಬೇಗ ಏಳತೊಡಗಿ, ಒಂದು ದಿನ ಹಾಲಿನವನು ಬರುವುದಕ್ಕೂ ಮೊದಲೇ ನಮ್ಮ ಮನೆಯಲ್ಲಿ ಜಗಳ ಮುಗಿದಿತ್ತು. ಮನೆಯ ಮುಂದಿನ ಹೊಂಗೆ ಮರ ಹೂ ಉದುರಿಸುತ್ತಿದ್ದ ಕಾಲ ಅದು. ಗಾಡಿಯ ಮೇಲೆ ಹೂ ಬೀಳಬಾರದೆಂದು ಅಪ್ಪ ಉದ್ದ ಕೋಲು ಹಿಡಿದು, ನಾಳೆ ಬೀಳಬೇಕಾದ ಹೂವನ್ನು ಇವತ್ತೇ ಬಡಿದು ಬೀಳಿಸಿ, ಗುಡಿಸಿ, ಆಮೇಲೆ ಗಾಡಿ ನಿಲ್ಲಿಸುತ್ತಿದ್ದರು. ಎದುರು ಮನೆಯವರು ಗೇಟಿನ ಮೇಲೆ ಮೊಣಕೈಯೂರಿ ನೋಡುತ್ತಿದ್ದರು.

"ಏನ್ ಸಾರ್, ದಿನಾ ಅಭ್ಯಂಜನಾನಾ? ಸೀಗೇಕಾಯಿ ಯಾವತ್ತು?"

"ಶಾಂಪೂ ಹಾಕಿದೀನಿ," ಎಂದರು ಅಪ್ಪ, ತಮಾಷೆಯ ಸುಳಿವೇ ಇಲ್ಲದೆ. ಅದು ನನ್ನ ಶಾಂಪೂ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ಎರಡನೆಯ ವಿಭಾಗ ಮೈಲೇಜು. ಹಿಂದೆ ಅಪ್ಪನ ಬಳಿ ಒಂದು ಸ್ಕೂಟರ್ ಇತ್ತು. ಬಂಕಿನಲ್ಲಿ ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಟ್ಯಾಂಕಿನ ಒಳಗಿನ ಗಾಳಿಯನ್ನೆಲ್ಲ ಹೊರಡಿಸಿ ಪೆಟ್ರೋಲ್ ತುಂಬಿಸುತ್ತಿದ್ದರು. ಅದೇ ಉಪಾಯವನ್ನು ಪಿಕಪ್ಪಿನ ಮೇಲೂ ಪ್ರಯೋಗಿಸಲು ಹೋಗಿ, ಬಂಕಿನಲ್ಲಿ ಅದರ ಹಿಂಭಾಗಕ್ಕೆ ಭುಜ ಕೊಟ್ಟು ನೂಕುತ್ತಿದ್ದಾಗ ಸರದಿಯಲ್ಲಿದ್ದವರು ಗಾಡಿ ಕೆಟ್ಟಿದೆಯೆಂದು ಭಾವಿಸಿ ಸಹಾಯಕ್ಕೆ ಬಂದರಂತೆ. ಇದನ್ನು ನಾನು ನೋಡಿಲ್ಲ, ಅಮ್ಮ ಹೇಳಿದ್ದು. ಅಮ್ಮ ಈ ವಿಷಯದಲ್ಲಿ ನಿಷ್ಪಕ್ಷಪಾತ ಸಾಕ್ಷಿಯಲ್ಲ.

ನಾನು ಕಣ್ಣಾರೆ ಕಂಡದ್ದೂ ಸಾಕಷ್ಟಿದೆ. ಸ್ಟೀರಿಂಗಿನ ಹಿಂದೆ ಒಂದು ಪುಟ್ಟ ಪರದೆ. ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಎಂದು ಅದರಲ್ಲಿ ಅಂಕಿ ಬರುತ್ತದೆ. ಕಂಪನಿಯವರು ಹೇಳಿದ ಅಂಕಿ ಒಂದು, ಪರದೆ ತೋರಿಸುವ ಅಂಕಿ ಇನ್ನೊಂದು. ಆ ಎರಡರ ನಡುವಿನ ವ್ಯತ್ಯಾಸವನ್ನು ಅಪ್ಪ ಕಚೇರಿಯಲ್ಲಿ ಹಣ ದುರುಪಯೋಗವನ್ನು ನೋಡುತ್ತಿದ್ದ ಕಣ್ಣಿನಲ್ಲಿ ನೋಡಿದರು. ತೂಕವೇ ಶತ್ರು ಎಂದು ತೀರ್ಮಾನವಾಯಿತು. ಸ್ಟೆಪ್ನಿ ಚಕ್ರ ಮನೆಯ ಹಜಾರಕ್ಕೆ ಬಂತು. ಅಮ್ಮ ಅದರ ಮೇಲೆ ಒಂದು ಮನಿ ಪ್ಲಾಂಟ್ ಇಟ್ಟಳು. ಒಂದು ದಿನ ನನ್ನನ್ನು ಕಾಲೇಜಿನ ಹತ್ತಿರ ಇಳಿಸುತ್ತೇನೆಂದು ಕೂರಿಸಿಕೊಂಡು, ನಾಗರಭಾವಿ ಬರುವ ಮುಂಚೆಯೇ ವಿಚಾರಣೆ ಆರಂಭಿಸಿದರು.

"ಬ್ಯಾಗಲ್ಲಿ ಏನಿದೆ?"

"ಪೇಪರ್ ಬಂಡಲ್ ಅಪ್ಪ. ವ್ಯಾಲ್ಯುಯೇಷನ್ ಮಾಡಿದ್ದು."

"ಎಲ್ಲರೂ ಪಾಸಾ?"

"ಎಲ್ಲರೂ ಎಲ್ಲಿ ಆಗ್ತಾರೆ?"

"ಫೇಲ್ ಆದೋರ್ದು ಮನೇಲೇ ಬಿಟ್ಟು ಬರ್ಬೇಕಿತ್ತು."

ಎಸಿ ಹಾಕಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಹಾಕುವಂತಿಲ್ಲ. ಕಿಟಕಿ ತೆರೆದರೆ ಗಾಳಿ ಒಳನುಗ್ಗಿ ಗಾಡಿಯನ್ನು ಹಿಂದಕ್ಕೆ ತಳ್ಳುತ್ತದೆ, ತೆರೆಯುವಂತಿಲ್ಲ. ಪ್ಲಾಸ್ಟಿಕ್ ಸೀಟಿನ ಮೇಲೆ ನಾವಿಬ್ಬರೂ ಕುಕ್ಕರಿನೊಳಗಿನ ಆಲೂಗಡ್ಡೆಗಳಂತೆ ಕೂತು, ಯಾವ ಆತುರವೂ ಇಲ್ಲದೆ ಜ್ಞಾನಭಾರತಿಯ ಕಡೆಗೆ ಹೋದೆವು. ಸಿಗ್ನಲ್ಲಿನಲ್ಲಿ ಇಂಜಿನ್ ಆಫ್. ಹಸಿರು ಬಂದ ಮೇಲೆ ಕೀಲಿ ತಿರುಗಿಸಿ, ಮೀಟರ್ ನೋಡಿ, ಸೀಟು ಸರಿಮಾಡಿಕೊಂಡು ಹೊರಡುವಷ್ಟರಲ್ಲಿ ಮತ್ತೆ ಕೆಂಪು. ಹಿಂದಿನಿಂದ ಬಂದ ಬೈಕಿನವನೊಬ್ಬ ಕಿಟಕಿಯ ಗಾಜು ತಟ್ಟಿದ.

"ಅಂಕಲ್, ತಳ್ಬೇಕಾ?"

"ಬೇಡಪ್ಪ, ಮೈಲೇಜ್ ನೋಡ್ತಾ ಇದೀನಿ."

"ನೋಡಿ ನೋಡಿ. ನಾವೂ ನಿಮ್ಮನ್ನೇ ನೋಡ್ತಾ ಇದೀವಿ."

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತೇನೋ. ಆದರೆ ಗೃಹಪ್ರವೇಶ ಹತ್ತಿರ ಬಂತು, ಅಮ್ಮ ಗೊಬ್ಬರದ ಮಾತೆತ್ತಿದಳು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೆಮ್ಮಣ್ಣು, ಎರಡನ್ನೂ ಬೆರೆಸಿ ಮೂಟೆ ಕಟ್ಟಿಸಿ ಕೆಂಗೇರಿಯಲ್ಲಿ ಇಟ್ಟಾಗಿದೆ, ಬಸವೇಶ್ವರನಗರಕ್ಕೆ ಸಾಗಿಸಬೇಕು ಎಂದಳು. ಅಪ್ಪ ತಿನ್ನುತ್ತಿದ್ದ ಚಪಾತಿ ಕೆಳಗಿಟ್ಟರು.

"ಮೊದಲ ಲೋಡು ಗೊಬ್ಬರಾನಾ?"

"ಮತ್ತೆ? ಅದಕ್ಕೇ ಅಲ್ವಾ ಗಾಡಿ ತಗೊಂಡಿದ್ದು?"

"ಹೊಸ ಗಾಡೀಲಿ ಮೊದಲ ಲೋಡು ಮಂಗಳದ್ದಾಗಿರ್ಬೇಕು ಕಣೇ. ಅಕ್ಕಿ, ಬೆಲ್ಲ, ಹಂಗೇನಾದ್ರೂ. ನಮ್ಮ ತಾತ ಎತ್ತಿನ ಗಾಡಿ ಕೊಂಡಾಗ ಮೊದಲು ದೇವಸ್ಥಾನಕ್ಕೆ ಅಕ್ಕಿ ಮೂಟೆ ಹೇರ್ಕೊಂಡು ಹೋಗಿದ್ರು."

"ನಿಮ್ಮ ತಾತ ಪೋಸ್ಟ್ ಆಫೀಸಲ್ಲಿದ್ರು. ಎತ್ತಿನ ಗಾಡಿ ಎಲ್ಲಿತ್ತು?"

"ಬಾಡಿಗೇದು."

ಈ ಪದ್ಧತಿ ನಿಜವಾಗಿ ಇದೆಯೋ, ಆ ಚಪಾತಿಯ ಹೊತ್ತಿನಲ್ಲೇ ಹುಟ್ಟಿತೋ ನನಗೆ ಇಂದಿಗೂ ತಿಳಿಯದು. ನಾಲ್ಕು ಜನರನ್ನು ಕೇಳಿದೆ. ಇಬ್ಬರು ಉಂಟು ಎಂದರು, ಇಬ್ಬರು ಇಲ್ಲ ಎಂದರು. ಪದ್ಧತಿಗಳ ಬಗ್ಗೆ ಕೇಳಿದಾಗ ಯಾವಾಗಲೂ ಹೀಗೆಯೇ ಆಗುತ್ತದೆ. ಹಾಗಾದರೆ ಅಕ್ಕಿಯನ್ನಾದರೂ ಇವತ್ತೇ ಹೇರಿ ಮುಗಿಸಿ ಎಂದಳು ಅಮ್ಮ. ಅಪ್ಪ ಪಂಚಾಂಗ ತೆಗೆದರು. ಆ ವಾರವೆಲ್ಲ ಹುಡುಕಿ ಒಂದೇ ಒಂದು ಒಳ್ಳೆಯ ದಿನವಿದೆ ಎಂದು ಬೆರಳಿಟ್ಟರು. ಅದು ಬಸವೇಶ್ವರನಗರದವರ ಗೃಹಪ್ರವೇಶದ ದಿನವೇ ಆಗಿತ್ತು. ಆಗದೆ ಇನ್ನೇನು? ಅವರೂ ಪಂಚಾಂಗ ನೋಡಿಯೇ ಇಟ್ಟುಕೊಂಡದ್ದು.

ಗಿಡಗಳನ್ನು ಸಾಗಿಸಿದ ದಿನದ ದೃಶ್ಯವನ್ನು ನೆನೆದರೆ ನನಗೆ ಈಗಲೂ ನಗು, ಆಗ ಮಾತ್ರ ಅಮ್ಮನ ಮುಖ ನೋಡಿ ನಗು ಬಂದಿರಲಿಲ್ಲ. ಕುಂಡದ ತಳದಿಂದ ಕೆಸರು ಸೋರುತ್ತದೆ, ಅದೂ ಮೊದಲ ಲೋಡು ಆಗಕೂಡದು ಎಂದರು ಅಪ್ಪ. ಅಮ್ಮ ಹಳೆಯ ಆಟೋದವನಿಗೇ ಫೋನ್ ಮಾಡಿದಳು. ಅಪರೂಪಕ್ಕೆ ಅವನು ಬಂದ. ಮುಂದೆ ಆಟೋ, ಅದರಲ್ಲಿ ಕತ್ತು ಹೊರಚಾಚಿದ ಅರಳಿದ ದಾಸವಾಳ, ಮಲ್ಲಿಗೆ ಬಳ್ಳಿ, ನಿಂಬೆ ಗಿಡ. ಹಿಂದೆ ನಮ್ಮ ಬಿಳಿ ಪಿಕಪ್, ಖಾಲಿ, ಫಳಫಳ ಹೊಳೆಯುತ್ತ, ಗಿಡಗಳು ಬಿದ್ದರೆ ಎತ್ತಿಕೊಳ್ಳಲು ಕಾವಲಿಗೆ. ಬಸವೇಶ್ವರನಗರ ತಲುಪಿದಾಗ ಅಪ್ಪ ಪರದೆಯತ್ತ ತೋರಿಸಿ ಅಮ್ಮನನ್ನು ಕರೆದರು. "ನೋಡಿಲ್ಲಿ! ಇಷ್ಟು ಮೈಲೇಜ್ ಇದುವರೆಗೂ ಬಂದಿರ್ಲಿಲ್ಲ!"

ಆಟೋದವನು ಕುಂಡ ಇಳಿಸುತ್ತ ಅಮ್ಮನಿಗೆ ಮೆಲ್ಲಗೆ ಹೇಳಿದ. "ಅಕ್ಕಾ, ನಮ್ಮ ಆಟೋನೂ ಅದರೊಳಗೆ ಹತ್ತಿಸ್ಬಿಟ್ಟಿದ್ರೆ ನಂಗೂ ಮೈಲೇಜ್ ಬರ್ತಿತ್ತು."

ಅಮ್ಮ ನಗಲಿಲ್ಲ. ಅವಳು ತಾರಸಿಗೆ ಹೋಗಿ ಖಾಲಿ ತೊಟ್ಟಿಗಳನ್ನು ನೋಡಿ ಬಂದಳು. ಗಿಡಗಳೇನೋ ಬಂದವು, ನೆಡಲು ಮಣ್ಣಿಲ್ಲ. ಆಟೋದವನು ಮಾರನೆಯ ದಿನದಿಂದ ಊರಲ್ಲಿ ತಂಗಿಯ ಮದುವೆಯೆಂದು ಹೊರಟುಹೋದ. ಬೇರೆ ಇಬ್ಬರನ್ನು ಕೇಳಿದರೆ ಒಬ್ಬ ಗೊಬ್ಬರವೆಂದು ಕೇಳಿಯೇ ಫೋನಿಟ್ಟ, ಇನ್ನೊಬ್ಬ ಬರ್ತೀನಿ ಎಂದು ಬರಲಿಲ್ಲ. ಅಮ್ಮ ಅಪ್ಪನ ಜೊತೆ ಜಗಳವಾಡುವುದನ್ನು ನಿಲ್ಲಿಸಿದಳು. ಬಕೆಟ್ಟನ್ನೂ ಬಿಟ್ಟುಕೊಟ್ಟಳು. ಅಪ್ಪನಿಗೆ ಅದು ಗೆಲುವಾಗಿ ಕಂಡಿತು. ನನಗೆ ಭಯವಾಯಿತು.

ಗೃಹಪ್ರವೇಶದ ಹಿಂದಿನ ದಿನ ಸಂಜೆ ಆ ಮನೆಯ ಆಂಟಿ ಫೋನ್ ಮಾಡಿದರು. ಸುಂಕದಕಟ್ಟೆಯಿಂದ ಹಸು ಕರು ಬರಬೇಕಿತ್ತು, ಅದನ್ನು ತರುವ ಗಾಡಿ ಕೆಟ್ಟಿದೆಯಂತೆ, ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಡೆಸಿಕೊಂಡು ಬರಲಾಗುವುದಿಲ್ಲವಂತೆ, ಹಸುವಿಲ್ಲದೆ ಒಳಗೆ ಹೇಗೆ ಕಾಲಿಡುವುದು ಎಂದು ಗಾಬರಿ. ಅಮ್ಮ ಅಪ್ಪನಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದಳು. "ಅಯ್ಯೋ, ಅದಕ್ಯಾಕೆ ಯೋಚ್ನೆ ಮಾಡ್ತೀರಾ? ನಮ್ಮ ಯಜಮಾನ್ರ ಗಾಡಿ ಇದೆಯಲ್ಲ!"

ಅಲ್ಲಿಯವರೆಗೆ ಅವಳು ಅದನ್ನು ಯಜಮಾನರ ಗಾಡಿ ಎಂದದ್ದನ್ನು ನಾನು ಕೇಳಿರಲಿಲ್ಲ.

ಅಪ್ಪನ ಮುಖ ಅರಳಿತು. "ಗೋಮಾತೆ!" ಎಂದರು. "ಅಕ್ಕಿ ಬೆಲ್ಲ ಎಲ್ಲ ಏನು ಮಹಾ? ಇದಕ್ಕಿಂತ ಮಂಗಳದ ಲೋಡು ಇದೆಯಾ? ಅದೂ ನಾಳೇನೇ ಒಳ್ಳೆ ದಿನ. ಹೆಂಗೆ ಕೂಡಿ ಬಂತು ನೋಡು!" ಎರಡು ಬಕೆಟ್ ನೀರು ಬಿತ್ತು. ಕನ್ನಡಿಗಳಿಗೆ ಮಾವಿನೆಲೆ, ಮುಂದೆ ಸೇವಂತಿಗೆ ಹಾರ, ಚಕ್ರಗಳಿಗೆ ನಿಂಬೆಹಣ್ಣು. ಮೈಲೇಜಿನ ಪರದೆಯನ್ನೂ ಹೊಸದಾಗಿ ಸೊನ್ನೆಯಿಂದ ಶುರುಮಾಡಿದರು. ಅಮ್ಮ ಒಂದು ಕಟ್ಟು ಖಾಲಿ ಗೋಣಿಚೀಲ ತಂದು ಹಿಂದೆ ಹಾಕಿದಳು. "ಹಸು ಕಾಲು ಜಾರಬಾರ್ದಲ್ಲ." ಅವು ಗೊಬ್ಬರದ ಚೀಲಗಳು. ಅಪ್ಪ ಮೂಸಿ ನೋಡಿದರು, ಆದರೆ ಗೋಮಾತೆಯ ಉತ್ಸಾಹದಲ್ಲಿ ಬಿಟ್ಟುಕೊಟ್ಟರು.

ಬೆಳಕು ಹರಿಯುವ ಹೊತ್ತಿಗೆ ಸುಂಕದಕಟ್ಟೆಯ ಒಂದು ಗಲ್ಲಿಯಲ್ಲಿ ಗಾಡಿಯನ್ನು ದಿಬ್ಬಕ್ಕೆ ಆನಿಸಿ ನಿಲ್ಲಿಸಿದ್ದೆವು. ಹಸು ಬಿಳಿಯದು ಎಂದು ನನ್ನ ನೆನಪು. ಅಮ್ಮ ಕಂದು ಎನ್ನುತ್ತಾಳೆ. ಬಹುಶಃ ಕರು ಕಂದು ಬಣ್ಣದ್ದು. ಕೊಂಬಿನ ತುದಿಗೆ ಹಿತ್ತಾಳೆಯ ಗೊಣಸು, ಬೆನ್ನಿಗೆ ಜರಿ ಬಟ್ಟೆ. ಇದು ಎಷ್ಟೋ ಮನೆಗಳಿಗೆ ಮೊದಲ ಕಾಲಿಟ್ಟ ಹಸು, ನೆಂಟರ ಮನೆಗೆ ಹೊರಟ ಹಿರಿಯರಂತೆ ಗಂಭೀರವಾಗಿ ನಿಂತಿತ್ತು. ಅಪ್ಪ ಅದನ್ನು ತಲೆಯಿಂದ ಬಾಲದವರೆಗೆ ಅಳೆದು ಅದರ ಯಜಮಾನನನ್ನು ಕೇಳಿದರು.

"ತೂಕ ಎಷ್ಟಿರ್ಬೋದು ಇದು?"

ಅವನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. "ಯಾಕ್ ಸಾರ್? ನಾವು ಮಾರಲ್ಲ."

ಹಸು, ಕರು, ಅದರ ಯಜಮಾನ ಹಿಂದೆ. ಮುಂದೆ ನಾವು ಮೂವರು, ತೊಡೆಯ ಮೇಲೆ ಚಪ್ಪಲಿ. ಅಪ್ಪ ಹೂವಿನ ಮೇಲೆ ಹೋದಂತೆ ಓಡಿಸುತ್ತಿದ್ದರು. ಅದು ಗೋವಿನ ಮೇಲಿನ ಭಕ್ತಿಯೋ ಡೀಸೆಲ್ಲಿನ ಮೇಲಿನದೋ ಹೇಳಲಾಗದು. ಮಾಗಡಿ ರಸ್ತೆಯ ಒಂದು ಹಂಪ್ ದಾಟುವಾಗ ಹಿಂದಿನಿಂದ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಒಗೆದಂತೆ ಒಂದು ಸದ್ದು ಬಂತು.

"ಏನದು?" ಎಂದರು ಅಪ್ಪ.

"ರೋಡ್ ನೋಡ್ಕೊಂಡು ಓಡ್ಸಿ," ಎಂದಳು ಅಮ್ಮ.

ಇನ್ನೊಂದು ಹಂಪ್. ಇನ್ನೊಂದು ಸದ್ದು. ಆಮೇಲೆ ನಲ್ಲಿ ತೆರೆದಂತೆ ಧಾರಾಳವಾದ ಒಂದು ಧಾರೆ. ಹಿಂದಿನ ಗಾಜನ್ನು ತಟ್ಟಿ ಹಸುವಿನ ಯಜಮಾನ ಕೂಗಿದ. "ಏನಿಲ್ಲ ಸಾರ್, ಹೋಗ್ತಾ ಇರಿ! ಗಾಡಿ ಹೊಸದಲ್ವಾ, ಅದಕ್ಕೂ ಹೊಸದು!"

ಅಪ್ಪ ಕನ್ನಡಿಯಲ್ಲಿ ನೋಡಿದರು. ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡುವುದನ್ನೂ ಮರೆತರು.

ಮನೆಯ ಮುಂದೆ ಕಟ್ಟಡದ ಕೆಲಸದಿಂದ ಉಳಿದ ಎಂ-ಸ್ಯಾಂಡ್ ಮರಳಿನ ಗುಡ್ಡೆಗೆ ಗಾಡಿ ಒತ್ತಿ ಹಸುವನ್ನು ಇಳಿಸಿದರು. ಆಂಟಿ ಆರತಿ ಎತ್ತಿದರು. ಮುಹೂರ್ತಕ್ಕೆ ಸರಿಯಾಗಿ ಹಸು ಹೊಸ್ತಿಲು ದಾಟಿ ಗ್ರಾನೈಟ್ ನೆಲಕ್ಕೆ ಹಾಸಿದ್ದ ಜಮಖಾನದ ಮೇಲೆ ಹೆಜ್ಜೆಯಿಟ್ಟಿತು. ಮನೆಯವರೆಲ್ಲ ಮೊಬೈಲ್ ಹಿಡಿದು ಕಾದರು. ಯಾತಕ್ಕೆ ಕಾಯುತ್ತಿದ್ದಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಹೊಸ ಮನೆಯೊಳಗೆ ಹಸು ಸಗಣಿ ಹಾಕಿದರೆ ಅದಕ್ಕಿಂತ ಶುಭವುಂಟೇ? ಹಸು ಬಾಳೆಹಣ್ಣು ತಿಂದಿತು. ಅಕ್ಕಿ ಬೆಲ್ಲ ತಿಂದಿತು. ಹಜಾರವನ್ನು ಸುತ್ತಿತು, ಅಡುಗೆಮನೆ ನೋಡಿತು, ಮಾಡ್ಯುಲರ್ ಕಿಚನ್ನಿನ ಕಪಾಟನ್ನು ನೆಕ್ಕಿತು. ಅಷ್ಟೇ.

"ಇನ್ನೊಂದು ಸುತ್ತು ಹೊಡ್ಸಿ," ಎಂದರು ಒಬ್ಬ ಹಿರಿಯರು.

ಇನ್ನೊಂದು ಸುತ್ತು ಆಯಿತು. ಆಂಟಿಯ ಮುಖ ಸಣ್ಣಗಾಗತೊಡಗಿತು. ವಾರಗಿತ್ತಿಯೊಬ್ಬರು, "ನಮ್ಮನೇಲಿ ಒಳಗೆ ಕಾಲಿಡ್ತಿದ್ದಂಗೇ ಹಾಕ್ತಪ್ಪ" ಎಂದು ಯಾರಿಗೋ ಎಂಬಂತೆ ಹೇಳಿದರು. ಕೊನೆಗೆ ಹಸುವಿನ ಯಜಮಾನ ತಲೆ ಕೆರೆದುಕೊಂಡ. "ಅದೂ... ಎಲ್ಲಾ ಗಾಡೀಲೇ ಆಗೋಯ್ತು ಸ್ವಾಮಿ."

ಎಲ್ಲರೂ ತಿರುಗಿ ಅಪ್ಪನನ್ನು ನೋಡಿದರು, ಅಪ್ಪನೇ ಏನೋ ಬಚ್ಚಿಟ್ಟುಕೊಂಡವರಂತೆ. ಪುರೋಹಿತರು ಗಡಿಯಾರ ನೋಡಿದರು. ಅವರಿಗೆ ಇನ್ನೂ ಎರಡು ಮನೆಗಳಿದ್ದವೆಂದು ನನ್ನ ಊಹೆ. "ಗಾಡೀಲಾ? ಇದೇ ಮನೆಗೆ ಅಂತ ಹೊರಟಾಗಲ್ವಾ? ಹಾಗಿದ್ರೆ ಅದು ಈ ಮನೇದೇ. ಒಳಗೆ ಬರೋಕೆ ಮುಂಚೇನೇ ಅನುಗ್ರಹ ಆಗಿದೆ. ಹೋಗಿ ತಗೊಂಡು ಬನ್ನಿ," ಎಂದರು.

ರೇಷ್ಮೆ ಸೀರೆ, ಜರಿ ಪಂಚೆಗಳ ಒಂದು ಮೆರವಣಿಗೆಯೇ ನಮ್ಮ ಪಿಕಪ್ಪಿನತ್ತ ಬಂತು. ಮುಂದೆ ಆಂಟಿ, ಕೈಯಲ್ಲಿ ಬಾಳೆ ಎಲೆ. ಅಪ್ಪ ಅವರನ್ನೆಲ್ಲ ದಾಟಿಕೊಂಡು ಓಡಿಹೋಗಿ, ಹಿಂದಿನ ಬಾಗಿಲ ಕೊಂಡಿಯನ್ನು ಗರ್ಭಗುಡಿಯ ಬಾಗಿಲು ತೆಗೆಯುವಂತೆ ತೆಗೆದರು. ಆಂಟಿ ಎಲೆಯಲ್ಲಿ ಸ್ವಲ್ಪ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಸಾಕಾಮ್ಮ?" ಎಂದರು ಅಪ್ಪ. "ಸಂಕೋಚ ಪಟ್ಕೋಬೇಡಿ, ಇನ್ನೂ ಇದೆ."

ಯಾರೋ ಫೋಟೋ ತೆಗೆದರು. ಬಿಳಿ ಗಾಡಿ, ಸೇವಂತಿಗೆ ಹಾರ, ಸಗಣಿ, ಪಕ್ಕದಲ್ಲಿ ಕೈಕಟ್ಟಿ ನಿಂತ ಅಪ್ಪ. ಅಮ್ಮ ಜನ ಒಳಗೆ ಹೋಗುವವರೆಗೂ ಕಾದು ಹತ್ತಿರ ಬಂದಳು.

"ರೀ, ಮೊದಲ ಲೋಡು ಆಯ್ತಲ್ಲ?"

"ಆಯ್ತು."

"ಮಂಗಳದ್ದೇ ತಾನೇ?"

"ಇದಕ್ಕಿಂತ ಮಂಗಳ ಇನ್ನೇನಿದೆ?"

"ಹಂಗಾದ್ರೆ ನಡೀರಿ ಕೆಂಗೇರಿಗೆ. ಗೊಬ್ಬರ ಹೇರ್ಬೇಕು."

"ತಡಿ, ಒಂದ್ಸಲ ತೊಳ್ಕೊಂಡು..."

"ತೊಳೀತೀರಾ? ಪುರೋಹಿತರು ಅನುಗ್ರಹ ಅಂದಿದ್ದನ್ನ? ಆ ಮನೆಯವರು ಕಣ್ಣಿಗೊತ್ಕೊಂಡಿದ್ದನ್ನ ನೀವು ಫಿಲ್ಟರ್ ನೀರಲ್ಲಿ ತೊಳೀತೀರಾ? ಅದು ಕೊಳೆ ಅಲ್ಲ ಅಂದ್ಮೇಲೆ ನನ್ನ ಗೊಬ್ಬರ ಏನು? ಅದೇ ಹಸೂದು, ಅದೇ ಸಗಣಿ. ಸ್ವಲ್ಪ ವಯಸ್ಸಾಗಿದೆ, ಅಷ್ಟೇ. ನಿಮ್ಮ ಹಂಗೆ."

ಇಡೀ ವೃತ್ತಿಜೀವನದಲ್ಲಿ ಎಷ್ಟೋ ಕಡತಗಳಿಗೆ ಆಕ್ಷೇಪಣೆ ಬರೆದ ಅಪ್ಪನಿಗೆ ಇದಕ್ಕೆ ಆಕ್ಷೇಪಣೆ ಹೊಳೆಯಲಿಲ್ಲ. ಗಾಡಿ ಹತ್ತಿ ಕೀಲಿ ತಿರುಗಿಸಿದರು.

ಊಟಕ್ಕೆ ಮುಂಚೆ ಹೋಗಿ ಬರಬೇಕು. ಹೂವಿನ ಮೇಲೆ ಓಡಿಸಿದರೆ ಆಗದು. ಅಪ್ಪ ಮೊದಲು ಎಂದಿನಂತೆಯೇ ಹೊರಟರು. ವೇಗ ಹೆಚ್ಚಿಸಿದಾಗಲೆಲ್ಲ ಪರದೆಯ ಅಂಕಿ ಇಳಿಯುತ್ತಿತ್ತು, ಅಂಕಿ ಇಳಿದ ಕೂಡಲೇ ಅವರ ಕಾಲು ತಾನಾಗಿ ಮೇಲೇಳುತ್ತಿತ್ತು. ನಾಗರಭಾವಿಯ ಹತ್ತಿರ ಅಮ್ಮ, ಆಂಟಿ ತಾಂಬೂಲದ ಜೊತೆ ಕೊಟ್ಟಿದ್ದ ಕೆಂಪು ರವಿಕೆ ಕಣವನ್ನು ಬಿಚ್ಚಿ, ಪರದೆಯ ಮೇಲೆ ಹೊದಿಸಿ, ಅಂಚುಗಳನ್ನು ಸಿಕ್ಕಿಸಿದಳು.

"ಏನ್ ಮಾಡ್ತಿದೀಯ? ಸ್ಪೀಡೂ ಕಾಣಲ್ಲ!"

"ಅದು ಕಾಣೋ ಅಷ್ಟು ಸ್ಪೀಡು ನೀವು ಯಾವತ್ತು ಹೋಗಿದೀರಾ? ಒತ್ತಿ. ಎಸಿ ಹಾಕಿ."

ಅಪ್ಪ ಒತ್ತಿದರು. ಎಸಿಯೂ ಬಂತು. ಆ ಗಾಡಿಯಲ್ಲಿ ಅಷ್ಟು ತಣ್ಣನೆಯ ಗಾಳಿ ಅಡಗಿತ್ತೆಂದು ನನಗೆ ಆವತ್ತು ಗೊತ್ತಾಯಿತು. ಕೆಂಗೇರಿಯಲ್ಲಿ ನರ್ಸರಿಯ ಕೆಲಸದವರಿಬ್ಬರೂ ಮೂಟೆಗಳನ್ನು ಗೇಟಿನವರೆಗೆ ತಂದಿಟ್ಟು ಕಾಯುತ್ತಿದ್ದರು. ಹಿಂದಿನ ದಿನವೇ ತಂದಿಟ್ಟದ್ದಂತೆ. ಮೂಟೆ ಹೇರುವಾಗ ಅಪ್ಪ ಮುಖ ತಿರುಗಿಸಿ ನಿಂತರು. ಇಂಜೆಕ್ಷನ್ ಚುಚ್ಚುವಾಗ ಗೋಡೆ ನೋಡುವವರು ಹೀಗೆಯೇ ನಿಲ್ಲುವುದು.

ಹಿಂದಿರುಗಿದಾಗ ಮೂರಂತಸ್ತು ಮೂಟೆ ಹೊರಲು ಜೊತೆಗೆ ಬಂದ ಆ ಕೆಲಸದವರಿಬ್ಬರು ಸಾಲಲಿಲ್ಲ. ಅಡುಗೆಯವರ ಕಡೆಯವರು ಕೈಜೋಡಿಸಿದರು. ಆಂಟಿಯ ಅಳಿಯ ಪಂಚೆ ಎತ್ತಿ ಕಟ್ಟಿದ. ನೋಡನೋಡುತ್ತಿದ್ದಂತೆ ಅಪ್ಪನೂ ಒಂದು ಮೂಟೆಗೆ ಹೆಗಲು ಕೊಟ್ಟರು. ಇಸ್ತ್ರಿಯ ಬಿಳಿ ಅಂಗಿಯ ಮೇಲೆ ಕಂದು ಬಣ್ಣದ ಕಾಲುವೆ ಹರಿಯಿತು. ತಾರಸಿಯಲ್ಲಿ ಒಂದು ಕಡೆ ಅಮ್ಮ ಮೊಣಕಾಲೂರಿ ಗಿಡ ನೆಡುತ್ತಿದ್ದಳು, ಇನ್ನೊಂದು ಕಡೆ ಶಾಮಿಯಾನದ ಕೆಳಗೆ ಮೇಜುಗಳಿಗೆ ಕಾಗದ ಹಾಸುತ್ತಿದ್ದರು. ಕೊನೆಯ ಗಿಡ ನೆಟ್ಟದ್ದು ಊಟ ಶುರುವಾಗುವ ಮುಂಚೆ ಎಂದು ಅಮ್ಮ, ಬೇಕಾದಷ್ಟು ಹೊತ್ತು ಉಳಿದಿತ್ತು ಎಂದು ಅಪ್ಪ. ನನ್ನ ನೆನಪಿನಲ್ಲಂತೂ ಮೊದಲ ಪಂಕ್ತಿಗೆ ಕೋಸಂಬರಿ ಬಂದಾಗ ಅಮ್ಮನ ಕೈ ಇನ್ನೂ ನಿಂಬೆ ಗಿಡದ ಬುಡದಲ್ಲಿತ್ತು. ಪಕ್ಕದಲ್ಲೇ ಕೂತಿದ್ದ ಅಜ್ಜಿಯೊಬ್ಬರು ಮೂಗೆಳೆದು, "ಮಣ್ಣಿನ ವಾಸನೆ ಎಷ್ಟು ಚೆನ್ನಾಗಿದೆ" ಎಂದು ಚಿತ್ರಾನ್ನ ಕಲಸಿಕೊಂಡರು. ಅದು ಮಣ್ಣಿನದಲ್ಲವೆಂದು ನಾವ್ಯಾರೂ ಹೇಳಲಿಲ್ಲ.

ಊಟ ಮುಗಿದು ಕೈತೊಳೆಯಲು ಬಂದ ವಾರಗಿತ್ತಿ ದಾಸವಾಳದ ಮುಂದೆ ನಿಂತರು. ಇದೇ ವಾರಗಿತ್ತಿ ಬೆಳಿಗ್ಗೆ ತಮ್ಮ ಮನೆಯ ಹಸುವಿನ ಬಗ್ಗೆ ಹೇಳಿದವರು.

"ನಮ್ಮ ಮನೆ ಮೇಲೂ ಹಿಂಗೇ ಮಾಡ್ಕೊಡ್ತೀರಾ?"

ಅಮ್ಮ ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡಳು. "ಮಾಡ್ಕೊಡ್ತೀನಿ" ಎಂದಳು. ಅಷ್ಟೇ ಹೇಳಿದ್ದು. ಆದರೆ ಆ ರಾತ್ರಿಯ ಸಾರಿನಲ್ಲಿ ಉಪ್ಪು ಸರಿಯಾಗಿತ್ತು.

ಈಗ ಆ ರಸ್ತೆಯಲ್ಲಿ ಅಮ್ಮನ ಮೂರು ತೋಟಗಳಿವೆ. ತೊಂದರೆಯೆಂದರೆ ಆ ಫೋಟೋ ಎಲ್ಲೆಲ್ಲೋ ಹೋಗಿ, ಗೃಹಪ್ರವೇಶಕ್ಕೆ ಹಸು ತರಲು ಅಪ್ಪನಿಗೇ ಫೋನ್ ಬರುತ್ತದೆ. "ತುಂಬಾ ಅನುಗ್ರಹದ ಗಾಡಿಯಂತೆ" ಎನ್ನುತ್ತಾರಂತೆ. ಒಳ್ಳೆಯ ದಿನಗಳಲ್ಲಿ ಅಮ್ಮನಿಗೆ ತನ್ನ ಗಾಡಿಯೇ ಸಿಗುವುದಿಲ್ಲ. ಮೊದಮೊದಲು ಇದಕ್ಕೂ ಜಗಳವಾಯಿತು. ಆಮೇಲೆ ಅಪ್ಪನೇ ದಾರಿ ಕಂಡುಕೊಂಡರು. ಹಸುವನ್ನು ಸುಂಕದಕಟ್ಟೆಗೆ ಬಿಟ್ಟು ಬರುವಾಗ ಅಲ್ಲಿ ಎಲ್ಲಿ ಹಾಕುವುದೆಂದು ತಿಳಿಯದೆ ರಾಶಿ ಬಿದ್ದಿರುವ ಸಗಣಿಯನ್ನು ಹೇರಿಕೊಂಡು ಕೆಂಗೇರಿಗೆ ಹೋಗುತ್ತಾರೆ. ಖಾಲಿ ಓಡಿಸುವ ಡೀಸೆಲ್ಲೇ ನಿಜವಾದ ದಂಡ ಎಂಬುದು ಅವರ ಈಗಿನ ಸಿದ್ಧಾಂತ. ಮೊದಲಿನಿಂದಲೂ ತಾನು ಹೇಳುತ್ತಿದ್ದದ್ದು ಅದನ್ನೇ ಎಂದು ಅವರು ನಂಬಿದ್ದಾರೆ. ರವಿಕೆ ಕಣ ಇನ್ನೂ ಪರದೆಯ ಅರ್ಧಕ್ಕೆ ಇಳಿಬಿದ್ದಿದೆ. ಸ್ಪೀಡು ಕಾಣುತ್ತದೆ, ಮೈಲೇಜು ಕಾಣುವುದಿಲ್ಲ. ಯಾರೂ ಇಲ್ಲದಾಗ ಎತ್ತಿ ನೋಡುತ್ತಾರೆಂದು ನನ್ನ ಗುಮಾನಿ.

ಇದನ್ನು ಬರೆಯುವ ಮುನ್ನ ಅಮ್ಮನನ್ನು ಕೇಳಿದೆ. "ಅವತ್ತು ಹಸು ತರೋ ಗಾಡಿ ನಿಜವಾಗ್ಲೂ ಕೆಟ್ಟಿತ್ತಾ, ಇಲ್ಲಾ ನೀನೇ ಆಂಟಿಗೆ ಏನಾದ್ರೂ ಹೇಳಿಕೊಟ್ಟಿದ್ಯಾ?"

"ನಂಗೇನ್ ಗೊತ್ತು? ದಿನಾ ಅಷ್ಟೊಂದು ಬರೀತೀಯಲ್ಲ, ಅದನ್ನ ಬರ್ಕೊಂಡಿಲ್ವಾ?" ಎಂದು ಅಮ್ಮ ಬೀನ್ಸ್ ನಾರು ಬಿಡಿಸತೊಡಗಿದಳು.

ಮೊನ್ನೆ ಅಪ್ಪ ಕೆಂಗೇರಿಗೆ ಹೊರಟಿದ್ದರು, ಕಾಲೇಜಿನವರೆಗೆ ಬಿಡಿ ಎಂದು ಬಾಗಿಲು ತೆಗೆದೆ. ಹಿಂದೆ ಸಗಣಿ ಅಂಚಿನವರೆಗೆ ತುಂಬಿತ್ತು, ನೊಣಗಳು ಜೊತೆಗೇ ಪ್ರಯಾಣಕ್ಕೆ ಸಿದ್ಧವಾಗಿದ್ದವು.

"ಚಪ್ಪಲಿ ಬಿಡು," ಎಂದರು ಅಪ್ಪ.

"ಅಪ್ಪ, ಹಿಂದೆ ಒಂದು ಲೋಡು ಸಗಣಿ ಇದೆ."

"ಅದು ಮಂಗಳ. ನಿನ್ನ ಚಪ್ಪಲಿ ಏನು?"

ಬಿಟ್ಟೆ. ಕವರಿನಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡೆ.